ಮನೆಯಲ್ಲೇ ಕಟ್ಟಿದ ಕಾರು: ಎಲೆಕ್ಟ್ರಾನಿಕ್ ಸ್ಪೀಡೋಮೀಟರ್‌ಗೆ ಯಾವ ನಂಬರ್ ಕೊಡಬೇಕು?

ಕೊವೆಂಟ್ರಿಕಾರ

ಎಲ್ಲರಿಗೂ ನಮಸ್ಕಾರ. ಊರು ತಿಪಟೂರು, ಈಗ ಇರೋದು ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ. ಗ್ಯಾರೇಜಿನಲ್ಲಿ ಲೋಟಸ್ ಸೆವೆನ್ (ಎರಡು ಸೀಟಿನ ಪುಟ್ಟ ತೆರೆದ ಸ್ಪೋರ್ಟ್ಸ್ ಕಾರು) ತರಹದ ಕಾರು ಕಟ್ಟುತ್ತಿದ್ದೇನೆ. ಎಂಜಿನ್, ಗೇರ್‌ಬಾಕ್ಸ್, ಡಿಫ್ (ಡಿಫರೆನ್ಷಿಯಲ್, ಹಿಂದಿನ ಎರಡು ಚಕ್ರಗಳಿಗೆ ಶಕ್ತಿ ಹಂಚುವ ಗೇರ್ ಪೆಟ್ಟಿಗೆ) ಎಲ್ಲಾ ಒಂದೇ ಹಳೇ ಮಾಜ್ದಾ ಎಂಎಕ್ಸ್-5 ಕಾರಿನದ್ದು. ಮೊದಲ ಮಾದರಿ, 1.8 ಎಂಜಿನ್, ಡಿಫ್ ಅನುಪಾತ 4.1, ಅಂದ್ರೆ ಚಕ್ರ ಒಂದು ಸುತ್ತು ತಿರುಗಲು ಶಾಫ್ಟ್ 4.1 ಸುತ್ತು. ಟೈರ್ 195/50 ಆರ್15.

ಆ ಮಾಜ್ದಾದಲ್ಲಿ ಇದ್ದಿದ್ದು ಕೇಬಲ್ ಸ್ಪೀಡೋಮೀಟರ್. ನಾನು ಹಾಕಿರೋದು ಡಿಜಿಟಲ್ ಡ್ಯಾಶ್, ಅಂದ್ರೆ ಎಲೆಕ್ಟ್ರಾನಿಕ್ ಮೀಟರ್ ಫಲಕ. ಪ್ರೊಪೆಲ್ಲರ್ ಶಾಫ್ಟ್ (ಗೇರ್ ಪೆಟ್ಟಿಗೆಯಿಂದ ಡಿಫ್ ತನಕ ಹೋಗುವ ಉದ್ದನೆಯ ದಂಡ) ಡಿಫ್ ಸೇರುವ ಫ್ಲ್ಯಾಂಜಿನ ನಾಲ್ಕು ಬೋಲ್ಟ್ ತಲೆಗಳನ್ನು ಒಂದು ಪ್ರಾಕ್ಸಿಮಿಟಿ ಸೆನ್ಸರ್ (ಮುಟ್ಟದೇ ಹತ್ತಿರದ ಲೋಹ ಗುರುತಿಸುವುದು) ನೋಡುತ್ತದೆ. ಪ್ರೊಪೆಲ್ಲರ್ ಶಾಫ್ಟ್ ಒಂದು ಸುತ್ತಿಗೆ ನಾಲ್ಕು ಪಲ್ಸ್. ಡ್ಯಾಶ್ ಕೇಳೋದು ಒಂದೇ ನಂಬರ್: ಒಂದು ಮೈಲಿಗೆ ಎಷ್ಟು ಪಲ್ಸ್? ಕಂಪನಿಯಿಂದ ಬಂದಾಗ ಅದರಲ್ಲಿ 16,000 ಇತ್ತು, ಹಾಗೇ ಬಿಟ್ಟಿದ್ದೇನೆ.

ತೊಂದರೆ ಮೂರು. ಜಿಪಿಎಸ್ 40 ಅಂದರೆ ಮೀಟರ್ 38 ತೋರಿಸುತ್ತದೆ. ಆಕ್ಸಿಲರೇಟರ್ ಪೂರ್ತಿ ತುಳಿದರೆ ರೀಡಿಂಗ್ ಏರುವ ಬದಲು ಕುಸಿಯುತ್ತದೆ. ಮೂರನೆಯದು ವಿಚಿತ್ರ. ಗ್ಯಾರೇಜಿನಲ್ಲಿ ಕಾರು ಸುಮ್ನೆ ನಿಂತಿರುವಾಗಲೂ ಕೆಲವೊಮ್ಮೆ 22, 23, 22 ಅಂತ ಕುಣಿಯುತ್ತದೆ. ಎಂಜಿನ್ ಆಫ್ ಇರುತ್ತೆ, ಕೀ ಮಾತ್ರ ಆನ್. ಗಂಟೆಗೆ 22 ಮೈಲಿ ಓಡ್ತಿರೋ ಗ್ಯಾರೇಜು ಯಾರಾದರೂ ನೋಡಿದ್ದೀರಾ?

ಹತ್ತಿರದ ಹಳೇ ಏರ್‌ಫೀಲ್ಡ್‌ನಲ್ಲಿ ಅನುಮತಿ ತಗೊಂಡು ಸ್ವಲ್ಪ ಓಡಿಸಲು ಅವಕಾಶ ಇದೆ. ರಿಜಿಸ್ಟ್ರೇಷನ್ ಇನ್ನೂ ಆಗಿಲ್ಲ, ಹಾಗಾಗಿ ರಸ್ತೆಗೆ ಇಳಿಸುವಂತಿಲ್ಲ.

ಸುಮ್ನೆ_ಓದ್ತೀನಿ

ಇಷ್ಟೆಲ್ಲಾ ಯಾಕೆ ಸರ್? ಜಿಪಿಎಸ್ ಸ್ಪೀಡೋಮೀಟರ್ ಒಂದು ತಂದು ಅಂಟಿಸಿ. ಸೆನ್ಸರ್ ಬೇಡ, ನಂಬರ್ ಬೇಡ, ತಲೆನೋವೇ ಇಲ್ಲ.

ಕೊವೆಂಟ್ರಿಕಾರ

ಆಸೆ ನನಗೂ ಇತ್ತು. ಆದರೆ ಇಲ್ಲಿ ಮನೆಯಲ್ಲಿ ಕಟ್ಟಿದ ಕಾರು ರಸ್ತೆಗೆ ಬರಬೇಕಂದ್ರೆ ಐವಿಎ ಅನ್ನೋ ಪರೀಕ್ಷೆ ಪಾಸಾಗಬೇಕು. ಅಲ್ಲಿ ಚಕ್ರಗಳನ್ನು ರೋಲರ್ ಮೇಲೆ ತಿರುಗಿಸಿ ಸ್ಪೀಡೋಮೀಟರ್ ನೋಡುತ್ತಾರೆ. ಚಕ್ರ ತಿರುಗುತ್ತೆ, ಕಾರು ನಿಂತಲ್ಲೇ ಇರುತ್ತೆ. ಜಿಪಿಎಸ್ ಪ್ರಕಾರ ವೇಗ ಸೊನ್ನೆ!

ನಿಯಮ ಹೀಗಿದೆ. ಮೀಟರ್ ನಿಜವಾದ ವೇಗಕ್ಕಿಂತ ಒಂದು ಚೂರೂ ಕಡಿಮೆ ತೋರಿಸಬಾರದು. ಜಾಸ್ತಿ ತೋರಿಸಬಹುದು, ಆದರೆ ನಿಜ ವೇಗದ ಶೇ. 10 ಮತ್ತು ಅದರ ಮೇಲೆ 6.25 ಮೈಲಿ, ಅಷ್ಟೇ. ನಿಜ ವೇಗ 40 ಇದ್ದರೆ ಮೀಟರ್ 40ರಿಂದ 50.25ರ ಒಳಗೆ ಎಲ್ಲಿದ್ದರೂ ಪಾಸು. ನನ್ನ 38 ಫೇಲು.

ಮೀಟರ್_ಅಂಗಡಿ

ನಾನು ಬೆಂಗಳೂರಲ್ಲಿ ಆಟೊ ಮೀಟರ್ ರಿಪೇರಿ ಮಾಡುವವನು. ನಿಮ್ಮ ಕಾರಿನ ವಿಷಯ ಗೊತ್ತಿಲ್ಲ, ಪಲ್ಸ್ ವಿಷಯ ಗೊತ್ತು. ಎಲೆಕ್ಟ್ರಾನಿಕ್ ಆಟೊ ಮೀಟರ್ ಮಾಡೋದೂ ಇದನ್ನೇ. ಪಲ್ಸ್ ಎಣಿಸುತ್ತೆ, ಇಷ್ಟಾದರೆ ಒಂದು ಕಿಲೋಮೀಟರ್ ಅನ್ನುತ್ತೆ.

ಒಂದು ಮಾತು ಮೊದಲೇ ಹೇಳ್ತೀನಿ. ವೇಗ ನೋಡಿಕೊಂಡು ಕ್ಯಾಲಿಬ್ರೇಟ್ ಮಾಡಬೇಡಿ. ದೂರ ಅಳೆದು ಮಾಡಿ. ಜಿಪಿಎಸ್ 40, ಮೀಟರ್ 38 ಅಂತೀರಿ. ಆ 38 ಅನ್ನೋದು 37.6 ಇರಬಹುದು, 38.4 ಕೂಡ ಇರಬಹುದು. ಜಿಪಿಎಸ್ಸಿನ 40ರದ್ದೂ ಅದೇ ಕಥೆ. ಜೊತೆಗೆ ವೇಗ ಏರ್ತಾ ಇಳೀತಾ ಇರುವಾಗ ಜಿಪಿಎಸ್ ಸ್ವಲ್ಪ ತಡವಾಗಿ ಬರುತ್ತೆ. ಎರಡು ಅಂದಾಜು ಸೇರಿಸಿದರೆ ಒಂದು ಲೆಕ್ಕ ಆಗಲ್ಲ. ಒಂದು ಕಿಲೋಮೀಟರ್ ದೂರ ಅಳೆದು ಪಲ್ಸ್ ಎಣಿಸಿ ನೋಡಿ. ಶುರು ಮಾಡೋದ್ರಲ್ಲಿ, ನಿಲ್ಲಿಸೋದ್ರಲ್ಲಿ ಮೂರು ಮೀಟರ್ ಹೆಚ್ಚುಕಮ್ಮಿ ಆದರೂ ತಪ್ಪು ಶೇ. 0.3 ಮಾತ್ರ.

ರಸ್ತೆ ಸಿಗೋವರೆಗೆ ಸೀಮೆಸುಣ್ಣ ಸಾಕು. ಟೈರಿಗೆ ಗಾಳಿ ಸರಿಯಾಗಿ ಹೊಡೆಸಿ. ನೀವು ಸೀಟಲ್ಲಿ ಕೂತಿರಬೇಕು, ಭಾರ ಬೀಳಬೇಕಲ್ಲ. ಹಿಂದಿನ ಚಕ್ರ ನೆಲಕ್ಕೆ ತಾಗೋ ಜಾಗದಲ್ಲಿ ಟೈರಿಗೊಂದು, ನೆಲಕ್ಕೊಂದು ಗೆರೆ ಎಳೆಸಿ. ಯಾರಾದರೂ ನೆಟ್ಟಗೆ ತಳ್ಳಲಿ. ಐದು ಸುತ್ತು ಆದಮೇಲೆ ನೆಲಕ್ಕೆ ಇನ್ನೊಂದು ಗೆರೆ. ಟೇಪ್ ಹಿಡಿದು ಐದರಿಂದ ಭಾಗಿಸಿ. ಒಂದೇ ಸುತ್ತು ಅಳೆಯಬೇಡಿ, ಗೆರೆಯ ದಪ್ಪವೇ ಲೆಕ್ಕ ಕೆಡಿಸುತ್ತೆ.

ಬಗ್ಗಿ_ಹುಡುಗ

ಸರ್, ಟೈರ್ ಮೇಲೇ 195/50 ಆರ್15 ಅಂತ ಬರೆದಿರುತ್ತಲ್ವಾ? ಅದರಿಂದಲೇ ಸುತ್ತಳತೆ ಸಿಗುತ್ತೆ. ತಳ್ಳೋದು ಯಾಕೆ? ಅದೂ ಬೇಡ ಅಂದ್ರೆ ಆಕ್ಸಲ್ ನೆಲದಿಂದ ಎಷ್ಟು ಎತ್ತರ ಇದೆ ಅಂತ ಅಳೆದು 2π ಇಂದ ಗುಣಿಸಿದರೆ ಆಯ್ತು.

(ನಾನು ಎಂಜಿನಿಯರಿಂಗ್ ಕಾಲೇಜಿನ ಬಾಹಾ ತಂಡದಲ್ಲಿದ್ದೇನೆ, ವಿದ್ಯಾರ್ಥಿಗಳೇ ಬಗ್ಗಿ ಕಟ್ಟಿ ಓಡಿಸುವ ಸ್ಪರ್ಧೆ ಅದು. ನಮ್ಮ ಬಗ್ಗಿಗೂ ಸ್ಪೀಡ್ ಸೆನ್ಸರ್ ಹಾಕ್ತಿದ್ದೇವೆ, ಅದಕ್ಕೆ ಕೇಳ್ತಿರೋದು.)

ಹುಬ್ಬಳ್ಳಿ_ಸ್ಪ್ಯಾನರ್

ತಮ್ಮಾ, ಎರಡೂ ಲೆಕ್ಕ ಮಾಡಿ ನೋಡು. 195ರ ಶೇ. 50 ಅಂದ್ರೆ 97.5 ಮಿ.ಮೀ. ಎರಡೂ ಕಡೆ ಸೇರಿ 195. ರಿಮ್ 15 ಇಂಚು, ಅಂದ್ರೆ 381. ಒಟ್ಟು ವ್ಯಾಸ 576, ಸುತ್ತಳತೆ 1,810 ಮಿ.ಮೀ. ಇದು ಗಾಳಿಯಲ್ಲಿ ತೂಗುಹಾಕಿದ ಟೈರು.

ಈಗ ಕಾರಿನ ಭಾರ ಬಿತ್ತು. ಆಕ್ಸಲ್ ಎತ್ತರ 288 ಇದ್ದದ್ದು 270ಕ್ಕೆ ಇಳೀತು ಅಂತ ಇಟ್ಕೋ. 2π ಇಂದ ಗುಣಿಸಿದರೆ 1,696. ಇದೂ ಸುಳ್ಳೇ. ಯಾಕಂದ್ರೆ ರೇಡಿಯಲ್ ಟೈರಿನೊಳಗೆ ಉಕ್ಕಿನ ತಂತಿಯ ಪಟ್ಟಿ ಇರುತ್ತೆ. ಅದು ಕೆಳಗೆ ಚಪ್ಪಟೆ ಆಗುತ್ತೆ, ಆದರೆ ಉದ್ದ ಅಷ್ಟಾಗಿ ಕುಗ್ಗಲ್ಲ. ಟ್ರ್ಯಾಕ್ಟರಿನ ಚೈನು ಇದ್ದಂಗೆ, ಆಕಾರ ಬದಲಾದರೂ ಉದ್ದ ಅಷ್ಟೇ. ನಿಜವಾದ ಲೆಕ್ಕ ಎರಡರ ನಡುವೆ ಎಲ್ಲೋ ಇರುತ್ತೆ, ಸಾಮಾನ್ಯವಾಗಿ ಮೊದಲನೆಯದರ ಶೇ. 96–97. ಆ "ಎಲ್ಲೋ" ಎಲ್ಲಿ ಅಂತ ಹೇಳೋದು ಸೀಮೆಸುಣ್ಣ.

ಕೊವೆಂಟ್ರಿಕಾರ

ಇವತ್ತು ತಳ್ಳಿಸಿದೆ. ಹೆಂಡತಿ ತಳ್ಳಿದಳು, ಮಗ ಗೆರೆ ಎಳೆದ. ಐದು ಸುತ್ತಿಗೆ 8.775 ಮೀಟರ್. ಒಂದು ಸುತ್ತಿಗೆ 1.755. ಹುಬ್ಬಳ್ಳಿಯವರು ಹೇಳಿದ ಶೇ. 97ಕ್ಕೆ ಸರಿಯಾಗಿ ಬಂತು!

ಲೆಕ್ಕ: ಒಂದು ಮೈಲಿ 1,609.344 ಮೀಟರ್. ಅದನ್ನು 1.755ರಿಂದ ಭಾಗಿಸಿದರೆ ಚಕ್ರ 917 ಸುತ್ತು. 4.1ರಿಂದ ಗುಣಿಸಿದರೆ ಶಾಫ್ಟ್ ಸುಮಾರು 3,760 ಸುತ್ತು. ನಾಲ್ಕು ಬೋಲ್ಟ್, ಹಾಗಾಗಿ ಮೈಲಿಗೆ 15,039 ಪಲ್ಸ್.

ಅಂದ್ರೆ ಡ್ಯಾಶ್ 16,000 ಪಲ್ಸ್ ಬರಲಿ ಅಂತ ಕಾಯ್ತಿತ್ತು, ನಾನು 15,000 ಚಿಲ್ಲರೆ ಕೊಡ್ತಿದ್ದೆ. ಅದಕ್ಕೇ ಕಡಿಮೆ ತೋರಿಸಿದ್ದು. ಮೊದಲನೇ ತೊಂದರೆ ಅರ್ಥ ಆಯ್ತು. ಆ 22 ಮಾತ್ರ ಇನ್ನೂ ಕುಣೀತಾನೇ ಇದೆ.

ಸೋಲ್ಡರ್_ಸುಮಾ

ಕೊವೆಂಟ್ರಿಯವರೇ, ಒಂದು ಪ್ರಶ್ನೆ. 22 ಕುಣಿಯುವಾಗ ಬ್ಯಾಟರಿ ಚಾರ್ಜರ್ ಹಾಕಿರ್ತೀರಾ? ಹಳೇ ಕಾಲದ, ಕೈಯಲ್ಲಿ ಎತ್ತಿದರೆ ಭಾರ ಇರುವ ಟ್ರಾನ್ಸ್‌ಫಾರ್ಮರ್ ಚಾರ್ಜರ್?

ಕೊವೆಂಟ್ರಿಕಾರ

ಹೌದು ಮೇಡಂ! ಹೇಗೆ ಗೊತ್ತಾಯ್ತು?

ಸೋಲ್ಡರ್_ಸುಮಾ

ನಿಮ್ಮ ನಂಬರೇ ಹೇಳ್ತು. ಗಂಟೆಗೆ 60 ಮೈಲಿ ಅಂದ್ರೆ ನಿಮಿಷಕ್ಕೆ ಒಂದು ಮೈಲಿ. ಡ್ಯಾಶ್‌ನಲ್ಲಿ 16,000 ಇದೆ ಅಂದ್ರೆ ನಿಮಿಷಕ್ಕೆ 16,000 ಪಲ್ಸ್ ಬಂದರೆ ಅದು 60 ತೋರಿಸಬೇಕು. ಈಗ ಹಿಂದಕ್ಕೆ ಹೋಗಿ. 22.5 ತೋರಿಸಬೇಕಾದರೆ ನಿಮಿಷಕ್ಕೆ 6,000 ಪಲ್ಸ್. ಸೆಕೆಂಡಿಗೆ 100.

ಸೆಕೆಂಡಿಗೆ ಸರಿಯಾಗಿ 100 ಅಂದ ತಕ್ಷಣ ನಾನು ಗೋಡೆಯ ಸಾಕೆಟ್ ಕಡೆ ನೋಡ್ತೀನಿ. ಇಂಗ್ಲೆಂಡ್, ಇಂಡಿಯಾ ಎರಡೂ ಕಡೆ ಕರೆಂಟು 50 ಹರ್ಟ್ಸ್. ಚಾರ್ಜರ್ ಅದನ್ನು ರೆಕ್ಟಿಫೈ ಮಾಡಿದಾಗ (ಎಸಿಯನ್ನು ಡಿಸಿ ಮಾಡಿದಾಗ) ಎರಡೂ ಅರ್ಧಗಳು ಒಂದೇ ಕಡೆ ಬಂದು 100 ಹರ್ಟ್ಸ್ ಏರಿಳಿತ ಉಳಿಯುತ್ತೆ. ಅದು ನಿಮ್ಮ 12 ವೋಲ್ಟ್ ಲೈನಿನ ಮೇಲೆ ಕೂತಿದೆ. ಡ್ಯಾಶ್ ಅದನ್ನೇ ಪಲ್ಸ್ ಅಂತ ಎಣಿಸ್ತಿದೆ. 22.5 ತೋರಿಸಲು ಜಾಗ ಇಲ್ಲ, ಅದಕ್ಕೆ 22, 23 ಅಂತ ಕುಣಿಯುತ್ತೆ. ಅಮೆರಿಕದಲ್ಲಿ ಕರೆಂಟು 60 ಹರ್ಟ್ಸ್, ಅಲ್ಲಾಗಿದ್ದರೆ ಇದೇ ಕಾರು 27 ತೋರಿಸ್ತಿತ್ತು.

ಪರೀಕ್ಷೆ ಸುಲಭ. ಡ್ಯಾಶ್‌ಗೆ 15,039 ಕೊಟ್ಟು ಚಾರ್ಜರ್ ಹಾಕಿ. 24 ಬರಬೇಕು. ಚಾರ್ಜರ್ ಕಿತ್ತರೆ ಸೊನ್ನೆ ಆಗಬೇಕು.

ಆದರೆ ಚಾರ್ಜರ್ ಕಿತ್ತು ಸುಮ್ಮನಾಗಬೇಡಿ. ನಿಮ್ಮ ಸೆನ್ಸರ್ ಲೈನು ಇಂಥ ಚಿಲ್ಲರೆ ಗಲಾಟೆಗೂ ಕಿವಿ ಕೊಡ್ತಿದೆ ಅಂತ ಅರ್ಥ. ನಾಳೆ ಆಲ್ಟರ್ನೇಟರ್, ಇಗ್ನಿಷನ್ ಕಾಯಿಲ್ ಕೂಡ ಅದೇ ಕಿತಾಪತಿ ಮಾಡುತ್ತವೆ. ನಿಮ್ಮದು ಎನ್‌ಪಿಎನ್ ಸೆನ್ಸರ್ (ಲೋಹ ಕಂಡಾಗ ಸಿಗ್ನಲ್ ವೈರನ್ನು ಗ್ರೌಂಡಿಗೆ ಎಳೆಯುವ ಬಗೆ) ತಾನೇ? ಉಳಿದ ಹೊತ್ತು ಆ ವೈರನ್ನು ಮೇಲಿನ ವೋಲ್ಟೇಜಿನಲ್ಲಿ ಹಿಡಿದಿಡುವ ಪುಲ್-ಅಪ್ ರೆಸಿಸ್ಟರ್ ಎಲ್ಲಿಗೆ ಕಟ್ಟಿದ್ದೀರಿ?

ಕೊವೆಂಟ್ರಿಕಾರ

24 ಬಂತು. ಕಿತ್ತೆ, ಸೊನ್ನೆ. ನಗಬೇಕೋ ಅಳಬೇಕೋ ಗೊತ್ತಾಗ್ತಿಲ್ಲ.

ಹೌದು, ಎನ್‌ಪಿಎನ್. ಎಂ12 ಗಾತ್ರ, 6ರಿಂದ 36 ವೋಲ್ಟ್. ಪುಲ್-ಅಪ್ 10ಕೆ, ನೇರ 12 ವೋಲ್ಟಿಗೆ. ವೈರ್ ಮಾಮೂಲಿ, ಎಂಜಿನ್ ಲೂಮ್ (ವೈರುಗಳ ಕಟ್ಟು) ಜೊತೆಗೇ ಸುತ್ತಿದೆ.

ಸೋಲ್ಡರ್_ಸುಮಾ

ಡ್ಯಾಶ್‌ನಲ್ಲಿ ಸೆನ್ಸರಿಗಂತ 5 ವೋಲ್ಟ್ ಔಟ್‌ಪುಟ್ ಇದ್ದರೆ ಪುಲ್-ಅಪ್ ಅಲ್ಲಿಂದ ಕೊಡಿ, 4.7ಕೆ ಸಾಕು. ಸೆನ್ಸರಿನ ಪವರ್ ಮಾತ್ರ 12ರಿಂದಲೇ ಇರಲಿ. ಸಿಗ್ನಲ್ ಮತ್ತು ಗ್ರೌಂಡ್ ನಡುವೆ ಡ್ಯಾಶ್ ಹತ್ತಿರ 10 ನ್ಯಾನೋಫ್ಯಾರಡ್ ಕೆಪಾಸಿಟರ್. ಶೀಲ್ಡ್ ವೈರ್ ಹಾಕಿ, ಶೀಲ್ಡನ್ನು ಡ್ಯಾಶ್ ಕಡೆ ಮಾತ್ರ ಗ್ರೌಂಡ್ ಮಾಡಿ. ಎರಡೂ ತುದಿ ಗ್ರೌಂಡ್ ಮಾಡಿದರೆ ಶೀಲ್ಡಿನಲ್ಲೇ ಕರೆಂಟು ಹರಿದು ಹೊಸ ಗಲಾಟೆ ಶುರುವಾಗುತ್ತೆ. ಕಾಯಿಲ್ ವೈರು, ಆಲ್ಟರ್ನೇಟರಿನ ದಪ್ಪ ವೈರು ಇವುಗಳಿಂದ ದೂರ ಎಳೆಯಿರಿ.

ಆಮೇಲೆ ಕಾರು ನಿಲ್ಲಿಸಿ, ನ್ಯೂಟ್ರಲ್‌ನಲ್ಲಿ ಎಂಜಿನ್ ರೇಸ್ ಮಾಡಿ. ಲೈಟು, ಫ್ಯಾನು ಎಲ್ಲಾ ಆನ್. ಮೀಟರ್ ಸೊನ್ನೆಯಿಂದ ಅಲುಗಾಡಬಾರದು. ಅಲುಗಾಡಿದರೆ ಗಲಾಟೆ ಇನ್ನೂ ಇದೆ. ಪಲ್ಸ್ ಶುದ್ಧ ಆಗೋವರೆಗೆ ನಂಬರ್ ಮುಟ್ಟಬೇಡಿ. ಗಲಾಟೆಯನ್ನೂ ಸೇರಿಸಿ ಕ್ಯಾಲಿಬ್ರೇಟ್ ಮಾಡಿದರೆ ಒಂದು ವೇಗಕ್ಕೆ ಸರಿ, ಉಳಿದ ಎಲ್ಲಾ ವೇಗಕ್ಕೂ ತಪ್ಪು.

ಹುಬ್ಬಳ್ಳಿ_ಸ್ಪ್ಯಾನರ್

ಆಕ್ಸಿಲರೇಟರ್ ತುಳಿದಾಗ ಕುಸಿಯೋದಕ್ಕೆ ನಾ ಉತ್ತರ ಹೇಳ್ತೀನಿ ನೋಡ್ರಿ. ಅದು ಕರೆಂಟಿನ ಕಾಯಿಲೆ ಅಲ್ಲ. ಸೆನ್ಸರಿನ ಬ್ರಾಕೆಟ್ ಎಲ್ಲಿಗೆ ಕೂತಿದೆ? ಚಾಸಿಗೋ, ಡಿಫ್ ಮೈಗೋ?

ಕೊವೆಂಟ್ರಿಕಾರ

ಚಾಸಿಗೆ ರೀ. ಅಲ್ಲಿ ಪೈಪು ಕೈಗೆ ಸಿಗುವ ಹಾಗಿತ್ತು.

ಹುಬ್ಬಳ್ಳಿ_ಸ್ಪ್ಯಾನರ್

ಅಲ್ಲೇ ಇದೆ ರೋಗ. ಡಿಫ್ ರಬ್ಬರ್ ಬುಷ್ ಮೇಲೆ ಕೂತಿರುತ್ತೆ. ಮೂಲ ಮಾಜ್ದಾದಲ್ಲಿ ಗೇರ್‌ಬಾಕ್ಸಿನಿಂದ ಡಿಫ್ ತನಕ ಒಂದು ಉದ್ದ ಅಲ್ಯೂಮಿನಿಯಂ ತೊಲೆ ಇರುತ್ತೆ, ಡಿಫ್ ಮೂಗು ಮೇಲೇಳದಂತೆ ಅದು ಹಿಡಿದಿರುತ್ತೆ. ಇಂಥ ಕಾರು ಕಟ್ಟುವವರು ಅದನ್ನು ಬಿಚ್ಚಿ ಇಡೋದು ಜಾಸ್ತಿ. ಆಗ ನೀವು ತುಳಿದಾಗ ಡಿಫ್ ಮೂಗು ಏಳುತ್ತೆ. ಫ್ಲ್ಯಾಂಜ್ ಜೊತೆಗೆ ಹೋಗುತ್ತೆ, ಚಾಸಿಯಲ್ಲಿರುವ ಸೆನ್ಸರ್ ಅಲ್ಲೇ ಇರುತ್ತೆ. ನಡುವಿನ ಸಂದು ದೊಡ್ಡದಾಯ್ತು, ಒಂದೆರಡು ಬೋಲ್ಟು ಕಣ್ಣಿಗೆ ಬೀಳಲಿಲ್ಲ. ನಾಲ್ಕು ಎಣಿಸುವ ಕಡೆ ಮೂರು ಎಣಿಸಿದರೆ ವೇಗ ಕಾಲುಭಾಗ ಕಡಿಮೆ ಆಯ್ತು.

ಬ್ರಾಕೆಟ್ ಡಿಫ್ ಮೈಮೇಲೇ ಬರಲಿ. ದಪ್ಪ ತಗಡು, ಕನಿಷ್ಠ 4 ಮಿ.ಮೀ. ತೆಳು ತಗಡು ನಡುಗುತ್ತೆ. ಸಂದು ಒಂದೂವರೆ ಮಿ.ಮೀ. ಇಟ್ಟು ಶಾಫ್ಟನ್ನು ಕೈಯಿಂದ ಒಂದು ಸುತ್ತು ತಿರುಗಿಸಿ. ಸೆನ್ಸರಿನ ಹಿಂದಿನ ಪುಟ್ಟ ಲೈಟು ನಾಲ್ಕು ಸಲ ಹತ್ತಿ ಆರಬೇಕು. ಐದು ಸಲ ಹತ್ತಿದರೆ ಬೋಲ್ಟಿನ ಪಕ್ಕ ಇನ್ನೇನೋ ಉಬ್ಬಿದೆ, ಮೂರೇ ಆದರೆ ಒಂದು ಬೋಲ್ಟಿನ ತಲೆ ಗಿಡ್ಡ.

ಸೋಲ್ಡರ್_ಸುಮಾ

ಇದಕ್ಕೆ ಒಂದೇ ಸೇರಿಸ್ತೀನಿ. ನಿಮ್ಮ ಲೆಕ್ಕದಲ್ಲಿ 70 ಮೈಲಿ ವೇಗಕ್ಕೆ ಸೆಕೆಂಡಿಗೆ 292 ಪಲ್ಸ್, 100ಕ್ಕೆ 418. ಫ್ಯಾಕ್ಟರಿಗಳಲ್ಲಿ ಬಳಸುವ ಅಗ್ಗದ ಪ್ರಾಕ್ಸಿಮಿಟಿ ಸೆನ್ಸರುಗಳಲ್ಲಿ ಕೆಲವಕ್ಕೆ ಅಷ್ಟು ವೇಗ ಆಗಲ್ಲ. ಡೇಟಾಶೀಟಿನಲ್ಲಿ ಸ್ವಿಚಿಂಗ್ ಫ್ರೀಕ್ವೆನ್ಸಿ (ಸೆಕೆಂಡಿಗೆ ಎಷ್ಟು ಸಲ ಆನ್-ಆಫ್ ಆಗಬಲ್ಲದು) ನೋಡಿಕೊಳ್ಳಿ. ಯಾವಾಗಲೂ ಒಂದೇ ವೇಗ ದಾಟಿದ ಮೇಲೆ ರೀಡಿಂಗ್ ಬಿದ್ದರೆ ಸೆನ್ಸರ್ ನಿಧಾನ. ತುಳಿದಾಗ ಮಾತ್ರ ಬಿದ್ದರೆ ಹುಬ್ಬಳ್ಳಿಯವರು ಹೇಳಿದ್ದು.

ಬಗ್ಗಿ_ಹುಡುಗ

ಅಕ್ಕಾ, ನಮ್ಮದು ಉಲ್ಟಾ ತೊಂದರೆ. ಬಗ್ಗಿಯ ಹಿಂದಿನ ಚಕ್ರದಲ್ಲಿ ಒಂದೇ ಆಯಸ್ಕಾಂತ ಇದೆ, ಅದನ್ನು ಗುರುತಿಸೋಕೆ ಹಾಲ್ ಸೆನ್ಸರ್, ಲೆಕ್ಕಕ್ಕೆ ಆರ್ಡುಯಿನೊ ಅನ್ನೋ ಪುಟ್ಟ ಕಂಪ್ಯೂಟರ್ ಬೋರ್ಡು. ಸೆಕೆಂಡಿಗೆ ಎಷ್ಟು ಪಲ್ಸ್ ಅಂತ ಎಣಿಸ್ತೀವಿ. ನಿಧಾನ ಹೋಗುವಾಗ 6, 12, 6, 0 ಅಂತ ಹಾರುತ್ತೆ. ಕೆಸರಿಗೆ ಇಳಿದರೆ ನಿಂತಲ್ಲೇ 40 ಕಿಲೋಮೀಟರ್ ತೋರಿಸುತ್ತೆ.

ಸೋಲ್ಡರ್_ಸುಮಾ

ನಿನ್ನ ಚಕ್ರ ಸುತ್ತಿಗೆ ಸುಮಾರು 1.7 ಮೀಟರ್ ಹೋಗುತ್ತೆ ಅನ್ನಿಸುತ್ತೆ. ಸೆಕೆಂಡಿಗೆ ಒಂದು ಪಲ್ಸ್ ಅಂದ್ರೆ ಗಂಟೆಗೆ 6 ಕಿಲೋಮೀಟರ್. ಎಣಿಸಿದರೆ ಒಂದು ಬರುತ್ತೆ, ಇಲ್ಲಾ ಎರಡು. ನಡುವೆ ಏನೂ ಇಲ್ಲ, ಹಾಗಾಗಿ 6ರ ಮೆಟ್ಟಿಲಲ್ಲೇ ಹಾರುತ್ತೆ. ಎಣಿಸೋದು ಬಿಡು. ಒಂದು ಪಲ್ಸಿಂದ ಇನ್ನೊಂದಕ್ಕೆ ಎಷ್ಟು ಮೈಕ್ರೋಸೆಕೆಂಡ್ ಆಯ್ತು ಅಂತ ಇಂಟರಪ್ಟ್‌ನಲ್ಲಿ ಅಳೆ. ದೂರವನ್ನು ಆ ಸಮಯದಿಂದ ಭಾಗಿಸು. ಆಯಸ್ಕಾಂತ ನಾಲ್ಕು ಮಾಡಿ ನಾಲ್ಕರ ಸರಾಸರಿ ತಗೋ, ಅವುಗಳ ನಡುವಿನ ಅಂತರದ ಏರುಪೇರು ಮುಚ್ಚಿಹೋಗುತ್ತೆ. ಎರಡು ಸೆಕೆಂಡು ಪಲ್ಸ್ ಬರದಿದ್ದರೆ ಸೊನ್ನೆ ತೋರಿಸು ಅಂತ ಒಂದು ಸಾಲು ಬರೆಯೋದು ಮರೀಬೇಡ, ಇಲ್ಲಾಂದ್ರೆ ನಿಂತ ಮೇಲೂ ಹಳೇ ವೇಗವೇ ಉಳಿದುಬಿಡುತ್ತೆ.

ಕೆಸರಿನದು ಸೆನ್ಸರಿನ ತಪ್ಪಲ್ಲ, ಚಕ್ರ ನಿಜವಾಗಿ ತಿರುಗ್ತಿದೆ! ಎಂಜಿನ್ ಎಳೆಯದ ಮುಂದಿನ ಚಕ್ರಕ್ಕೆ ಹಾಕು.

ಸುಮ್ನೆ_ಓದ್ತೀನಿ

ಇಷ್ಟು ಓದಿ ನನಗೂ ಒಂದು ಕಾರು ಕಟ್ಟೋ ಆಸೆ ಬಂತು. ಕರ್ನಾಟಕದಲ್ಲಿ ಕಟ್ಟಿದರೆ ರಿಜಿಸ್ಟರ್ ಮಾಡಿಸಬಹುದಾ?

ಹುಬ್ಬಳ್ಳಿ_ಸ್ಪ್ಯಾನರ್

ಕಷ್ಟ ಸರ್. ಅವರ ಹಾಗೆ ಒಬ್ಬೊಬ್ಬರ ಕಾರನ್ನು ನಿಲ್ಲಿಸಿ ಪರೀಕ್ಷೆ ಮಾಡಿ ಪಾಸು ಮಾಡುವ ಸುಲಭದ ದಾರಿ ನಮ್ಮಲ್ಲಿಲ್ಲ. ಇರೋ ಗಾಡಿ ಬದಲಾಯಿಸೋಕೂ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತೆ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿದಿದೆ. ತೋಟದಲ್ಲಿ, ರೇಸ್ ಟ್ರ್ಯಾಕಿನಲ್ಲಿ ಓಡಿಸ್ಕೊಳ್ಳಿ. ಈ ಮಾತಿಗೆ ಬೇರೆ ಎಳೆ ಶುರು ಮಾಡೋಣ, ಇಲ್ಲಿ ಬೇಡ.

ಕೊವೆಂಟ್ರಿಕಾರ

ಬಹಳ ದಿನದ ಮೇಲೆ ಬಂದೆ. ಕಾರು ಪಾಸಾಯ್ತು, ನಂಬರ್ ಪ್ಲೇಟ್ ಬಂತು!

ಬ್ರಾಕೆಟ್ ಡಿಫ್ ಮೇಲೆ ಕೂರಿಸಿದೆ, ಕುಸಿಯೋದು ನಿಂತಿತು. ಶೀಲ್ಡ್ ವೈರ್, 5 ವೋಲ್ಟ್ ಪುಲ್-ಅಪ್, ಕೆಪಾಸಿಟರ್ ಎಲ್ಲಾ ಹಾಕಿದೆ. ಈಗ ಚಾರ್ಜರ್ ಹಾಕಿದರೂ ಸೊನ್ನೆ. ಪರೀಕ್ಷೆಗೆ ಹೋಗುವಾಗ 15,039 ಬದಲು ಬೇಕಂತಲೇ 14,500 ಕೊಟ್ಟೆ. ನಂಬರ್ ಇಳಿಸಿದರೆ ಮೀಟರ್ ಏರುತ್ತೆ, ಹಾಗಾಗಿ ಲೆಕ್ಕದ ಪ್ರಕಾರ ಶೇ. 3.7 ಜಾಸ್ತಿ. ಕಡಿಮೆ ತೋರಿಸುವ ಭಯ ಇಲ್ಲ.

ರಿಜಿಸ್ಟ್ರೇಷನ್ ಆದಮೇಲೆ ಮೀಟರ್ ಅಂಗಡಿಯವರ ಮಾತಿನಂತೆ ದೂರ ಅಳೆದೆ. ಇಲ್ಲಿನ ಮೋಟರ್‌ವೇ ಪಕ್ಕದಲ್ಲಿ 100 ಮೀಟರಿಗೊಂದು ಪುಟ್ಟ ಗೂಟ ಇರುತ್ತೆ, ಮೇಲೆ ಕಿಲೋಮೀಟರ್ ಬರೆದಿರುತ್ತಾರೆ. ದೇಶ ಮೈಲಿಯಲ್ಲಿ ಓಡಾಡುತ್ತೆ, ಗೂಟ ಮಾತ್ರ ಕಿಲೋಮೀಟರಿನಲ್ಲಿ. ಡ್ಯಾಶ್‌ನ ಎಣಿಸುವ ಬಟನ್ ಪಕ್ಕದಲ್ಲಿ ಕೂತ ಗೆಳೆಯನ ಕೈಲಿತ್ತು. ಐದು ಕಿಲೋಮೀಟರಿಗೆ 47,060 ಪಲ್ಸ್. ಮೈಲಿಗೆ 15,147. ಸೀಮೆಸುಣ್ಣದ ಲೆಕ್ಕಕ್ಕಿಂತ ಶೇ. 0.7 ಜಾಸ್ತಿ. ಯಾಕಿರಬಹುದು?

ಹುಬ್ಬಳ್ಳಿ_ಸ್ಪ್ಯಾನರ್

ತಳ್ಳಿದಾಗ ಚಕ್ರ ಸುಮ್ನೆ ಉರುಳುತ್ತೆ. ಓಡಿಸುವಾಗ ಅದೇ ಚಕ್ರ ಗಾಳಿಗೆದುರಾಗಿ ಕಾರನ್ನು ನೂಕಬೇಕು. ನೂಕುವ ಟೈರು ಯಾವಾಗಲೂ ಒಂದು ಚೂರು ಜಾರುತ್ತೆ, ಕಣ್ಣಿಗೆ ಕಾಣಲ್ಲ. ಜಾರಿದಷ್ಟೂ ಸುತ್ತು ಜಾಸ್ತಿ. ಶೇ. 0.7 ಅಂದ್ರೆ ಚೆನ್ನಾಗೇ ಬಂದಿದೆ.

ಮೀಟರ್_ಅಂಗಡಿ

ಅಭಿನಂದನೆ ಸರ್. ಆದರೆ ಆ 14,500 ಹಾಗೇ ಬಿಟ್ಟಿದ್ದೀರಾ? ವೇಗಕ್ಕೆ ಪರವಾಗಿಲ್ಲ. ಓಡೋಮೀಟರ್ ಕೂಡ ಅದೇ ನಂಬರಿಂದ ಓಡುತ್ತೆ ಅಲ್ವಾ? ಸಾವಿರ ಮೈಲಿ ಓಡಿಸಿದರೆ 1,045 ಬರೆದುಕೊಳ್ಳುತ್ತೆ. ಮೈಲೇಜ್ ಲೆಕ್ಕ, ಆಯಿಲ್ ಬದಲಿಸುವ ಲೆಕ್ಕ ಎಲ್ಲಾ ಉಬ್ಬುತ್ತೆ. ಆಟೊ ಮೀಟರ್ ಹೀಗೆ ಓಡಿದರೆ ಇಲ್ಲಿ ಜಗಳವೇ ಆಗುತ್ತೆ, ಕಾನೂನು ಮಾಪನ ಇಲಾಖೆಯವರು ಸೀಲ್ ಹಾಕಲ್ಲ. ಸರಿಯಾದ 15,147 ಹಾಕಿಬಿಡಿ.

ಕೊವೆಂಟ್ರಿಕಾರ

ಅಷ್ಟು ಕರಾರುವಾಕ್ಕಾಗಿ ಹಾಕೋಕೆ ಮನಸ್ಸು ಬರ್ತಿಲ್ಲ ಸರ್. ನನ್ನ ಟೈರು ಅರ್ಧ ಸವೆದಿದೆ. ಹೊಸ ಟೈರಿನಲ್ಲಿ 8 ಮಿ.ಮೀ. ರಬ್ಬರ್, ಪೂರ್ತಿ ಸವೆದಾಗ 1.6. ಅಷ್ಟರಲ್ಲಿ ಸುತ್ತಳತೆ ಸುಮಾರು ಶೇ. 2 ಬದಲಾಗುತ್ತೆ. ಈಗ ಸರಿಯಾಗಿ ಇಟ್ಟು ಆಮೇಲೆ ಹೊಸ ಟೈರ್ ಹಾಕಿದರೆ ಮೀಟರ್ ಶೇ. 1 ಕಡಿಮೆ ತೋರಿಸಲು ಶುರುಮಾಡುತ್ತೆ. ಸ್ಪೀಡ್ ಕ್ಯಾಮೆರಾಗೆ ಟೈರಿನ ಕಥೆ ಹೇಳೋಕಾಗಲ್ಲ.

14,850 ಹಾಕ್ತೀನಿ. ಈಗ ಶೇ. 2 ಜಾಸ್ತಿ, ಹೊಸ ಟೈರಿಗೆ ಶೇ. 1 ಜಾಸ್ತಿ. ಓಡೋಮೀಟರ್ ಸಾವಿರಕ್ಕೆ 20 ಮೈಲಿ ಉಬ್ಬಿದರೆ ಉಬ್ಬಲಿ.

ಮೀಟರ್_ಅಂಗಡಿ

ಬಾಡಿಗೆ ಯಾರೂ ಕೊಡಲ್ಲ ಅಂದಮೇಲೆ ನಡೆಯುತ್ತೆ ಬಿಡಿ.

ಬಗ್ಗಿ_ಹುಡುಗ

ಅಣ್ಣಾ, ಹಳೇ ಮಾಜ್ದಾದ 14 ಇಂಚಿನ ಚಕ್ರಗಳು ಇನ್ನೂ ಇವೆಯಾ? ಚಳಿಗಾಲಕ್ಕೆ ಅವನ್ನು ಹಾಕಿದರೆ ಮತ್ತೆ ಎಲ್ಲಾ ಮೊದಲಿಂದ ಮಾಡಬೇಕಾ?

ಕೊವೆಂಟ್ರಿಕಾರ

ಇವೆ, 185/60 ಆರ್14. ನೀನು ಕೇಳಿದ ಮೇಲೆ ಲೆಕ್ಕ ಹಾಕಿದೆ. 111ರ ಎರಡರಷ್ಟು 222, ರಿಮ್ 355.6, ಒಟ್ಟು 577.6 ಮಿ.ಮೀ. ನನ್ನದು 576. ವ್ಯತ್ಯಾಸ ಶೇ. 0.3 ಕೂಡ ಇಲ್ಲ. ಕಾಗದದ ಮೇಲೆ ಮೀಟರ್ ಮುಟ್ಟಬೇಕಾಗಿಲ್ಲ. ಆದರೆ ಒಂದೇ ಸೈಜ್ ಬರೆದಿದ್ದರೂ ಕಂಪನಿಯಿಂದ ಕಂಪನಿಗೆ ಟೈರು ಅದಕ್ಕಿಂತ ಜಾಸ್ತಿ ಬದಲಾಗುತ್ತೆ. ಚಕ್ರ ಹಾಕಿದ ದಿನ ಐದು ಸುತ್ತು ತಳ್ಳಿ ನೋಡ್ತೀನಿ, ಅಳತೆ ಇಲ್ಲೇ ಹಾಕ್ತೀನಿ.